ಎಸ್‌ಡಿಎ ಆಗಿ ಸೇರಿದವರಿಗೆ ಮುಂದೆ ಏನಿದೆ?

ಎಸ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕರಾಗಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ಆರು ತಿಂಗಳು ಸುಮ್ಮನಿರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ನನ್ನ ಮೇಜಿನ ಹತ್ತಿರ ಬಂದು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ‘ಮೇಡಂ, ಇಲ್ಲೇ ಇದ್ದರೆ ಮುಂದೆ ಎಲ್ಲಿವರೆಗೆ ಹೋಗಬಹುದು?’ ಅವರ ಅಪ್ಪ ಅಮ್ಮನಿಗೆ ಈ ಚಿಂತೆಯೇ ಇಲ್ಲ. ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತು, ಅರವತ್ತರವರೆಗೆ ನೆಮ್ಮದಿ. ಕಚೇರಿಯ ಹಳಬರದು ಇನ್ನೊಂದು ಮಾತು: ‘ಇಲ್ಲೇನಿದೆ? ರಾತ್ರಿ ಕೂತು ಓದು, ಕೆಎಎಸ್ ಬರಿ, ಹೊರಟು ಹೋಗು.’ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು, ಇರುವ ಕೆಲಸವನ್ನೂ ಕಲಿಯದೆ, ಹೋಗಬೇಕಾದ ಕಡೆಗೂ ಹೋಗದೆ ಹತ್ತು ವರ್ಷ ಕಳೆದವರನ್ನು ನಾನು ತೀರಾ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನೂ ದ್ವಿತೀಯ ದರ್ಜೆ ಸಹಾಯಕಿಯಾಗಿಯೇ ಸೇರಿದವಳು. ಈಗ ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಅಧೀಕ್ಷಕಿ. ಸಿಬ್ಬಂದಿ ಶಾಖೆ ನನ್ನದು. ಜ್ಯೇಷ್ಠತಾ ಪಟ್ಟಿ, ಸೇವಾ ಪುಸ್ತಕ, ಬಡ್ತಿ ಪ್ರಸ್ತಾವನೆ, ಪಿಂಚಣಿ ಕಡತ ಎಲ್ಲವೂ ನನ್ನ ಕೈಯ ಮೇಲೆಯೇ ಹೋಗುತ್ತವೆ. ಇಷ್ಟು ಜನರ ಸೇವಾ ಪುಸ್ತಕ ತಿರುವಿ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಸರ್ಕಾರಿ ನೌಕರನ ಮೂವತ್ತು ವರ್ಷದ ದಾರಿ ಬಹುಪಾಲು ಮೊದಲ ಐದಾರು ವರ್ಷಗಳಲ್ಲೇ ನಿರ್ಧಾರವಾಗುತ್ತದೆ. ಅದೂ ಯಾರೂ ಕೂರಿಸಿ ಹೇಳಿಕೊಡದ ಸಣ್ಣ ಸಣ್ಣ ಕೆಲಸಗಳಿಂದ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಎಸ್‌ಡಿಎ ವೇತನ ಶ್ರೇಣಿ 34,100ರಿಂದ 67,600. ಅದರ ಮೇಲಿನ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರ ಶ್ರೇಣಿ 44,425ರಿಂದ 83,700. ಇದರ ಮೇಲೆ ತುಟ್ಟಿಭತ್ಯೆ, ಊರಿನ ವರ್ಗ ನೋಡಿ ಮನೆ ಬಾಡಿಗೆ ಭತ್ಯೆ. ವರ್ಷಕ್ಕೊಂದು ಇನ್‌ಕ್ರಿಮೆಂಟ್. ಬಡ್ತಿ ಸಿಗದೆ ಅದೇ ಹುದ್ದೆಯಲ್ಲಿ ಉಳಿದವರಿಗೆ ಹತ್ತು ವರ್ಷಕ್ಕೆ ಕಾಲಮಿತಿ ವೇತನ ಬಡ್ತಿ, ಹದಿನೈದಕ್ಕೆ ಹಿರಿಯ ಶ್ರೇಣಿ, ಆಮೇಲೆ ಇಪ್ಪತ್ತು, ಇಪ್ಪತ್ತೈದು, ಮೂವತ್ತಕ್ಕೆ ಒಂದೊಂದು ಹೆಚ್ಚುವರಿ ಇನ್‌ಕ್ರಿಮೆಂಟ್. ಅಂದರೆ ಹುದ್ದೆ ಬದಲಾಗದಿದ್ದರೂ ಸಂಬಳ ನಿಂತ ನೀರಾಗುವುದಿಲ್ಲ. ಇದು ಒಳ್ಳೆಯದೇ. ಆದರೆ ಇದನ್ನೇ ನಂಬಿ ‘ಬಡ್ತಿ ಬಂದರೆಷ್ಟು ಬಿಟ್ಟರೆಷ್ಟು’ ಎಂದು ಕೂತವರು ನಲವತ್ತೈದರಲ್ಲೂ ಆವಕ ಜಾವಕದ ವಹಿ ಬರೆಯುತ್ತಿರುತ್ತಾರೆ. ನಿನ್ನೆ ಮೊನ್ನೆ ಬಂದ ಎಫ್‌ಡಿಎ ಅವರಿಗೆ ಕೆಲಸ ಹೇಳುತ್ತಾನೆ. ಆ ನೋವು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಪಿಂಚಣಿ ವಿಷಯ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಬಹುತೇಕರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ಯೋಜನೆ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ನಮ್ಮ ಸಂಬಳದಿಂದ ಹೋಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ. ನಿವೃತ್ತಿಯಲ್ಲಿ ಗಂಟಾಗಿ ಶೇ 60ರವರೆಗೆ ಪಡೆಯಬಹುದು, ಉಳಿದದ್ದರಲ್ಲಿ ಮಾಸಿಕ ಪಿಂಚಣಿಯ ಯೋಜನೆ ಕೊಳ್ಳಬೇಕು. ಹಳೆ ಪಿಂಚಣಿ ಬೇಕೆಂಬ ಹೋರಾಟದ ಜೊತೆ ನಾನಿದ್ದೇನೆ. ಆದರೆ ಇಪ್ಪತ್ತೈದರ ಹುಡುಗ ಅದು ಬಂದೇ ಬರುತ್ತದೆಂದು ಕಾಯುತ್ತಾ, ಕೈಯಲ್ಲಿ ಉಳಿತಾಯವಿಲ್ಲದೆ ಸಾಲ ಮಾಡಿ ಕಾರು ಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಮೊದಲ ಎರಡು ವರ್ಷಕ್ಕೆ ಬರೋಣ. ಪ್ರೊಬೇಷನ್ ಎಂದರೆ ಎರಡು ವರ್ಷ ಕಳೆದುಬಿಟ್ಟರೆ ತಾನಾಗಿ ಮುಗಿಯುವಂಥದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1977ರ ಪರೀಕ್ಷಾವಧಿ ನಿಯಮಗಳ ಪ್ರಕಾರ ಅವಧಿಯನ್ನು ತೃಪ್ತಿಕರವಾಗಿ ಪೂರೈಸಿದ್ದೀರಿ ಎಂದು ನೇಮಕಾತಿ ಪ್ರಾಧಿಕಾರ ಆದೇಶ ಹೊರಡಿಸಬೇಕು. ಆ ಆದೇಶ ಬೇಕಾದರೆ ನಿಮ್ಮ ಹುದ್ದೆಗೆ ನಿಗದಿಯಾದ ಇಲಾಖಾ ಪರೀಕ್ಷೆ ಪಾಸಾಗಿರಬೇಕು. ಅಕೌಂಟ್ಸ್, ಜನರಲ್ ಲಾ ಇತ್ಯಾದಿ ವಿಷಯಗಳಿಗೆ ಕೆಪಿಎಸ್‌ಸಿ, ಅಂದರೆ ರಾಜ್ಯದ ಲೋಕಸೇವಾ ಆಯೋಗ ‘ಅಧಿವೇಶನ’ ಎಂಬ ಹೆಸರಿನಲ್ಲಿ ಪರೀಕ್ಷೆ ನಡೆಸುತ್ತದೆ. ಜೊತೆಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ‘ಈ ಅಧಿವೇಶನ ಬೇಡ, ಮುಂದಿನದಕ್ಕೆ ಕಟ್ಟೋಣ’ ಎನ್ನುವುದು ನಾನು ಅತಿ ಹೆಚ್ಚು ಕೇಳಿರುವ ಮಾತು. ಆ ಮುಂದಿನದು ಯಾವಾಗ ಬರುತ್ತದೋ ನಿಮ್ಮ ಕೈಯಲ್ಲಿಲ್ಲ. ಅಷ್ಟರಲ್ಲಿ ಮದುವೆ, ಮಗು, ಚುನಾವಣಾ ಕೆಲಸ, ಗಣತಿ ಕೆಲಸ. ಓದುವ ಅಭ್ಯಾಸ ಇನ್ನೂ ಕೈಬಿಡದ ಮೊದಲ ಎರಡು ವರ್ಷದಲ್ಲೇ ಇದನ್ನು ಮುಗಿಸಿಬಿಡಿ. ಕೆಸಿಎಸ್‌ಆರ್, ಅಂದರೆ ರಾಜ್ಯ ನೌಕರರ ಸೇವಾ ನಿಯಮಗಳ ಪುಸ್ತಕ ಹೇಗೂ ಓದಲೇಬೇಕು, ಪರೀಕ್ಷೆಯ ನೆಪದಲ್ಲಿ ಓದಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಪಾಸಾದ ಮೇಲೆ ಗೆಜೆಟ್ ಪ್ರತಿ ತಂದು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ, ಪಕ್ಕದಲ್ಲಿ ಅಧಿಕಾರಿಯ ಸಹಿ ಇದೆಯೇ ನೋಡಿ. ನಮೂದಾಗದ ಪರೀಕ್ಷೆ ಬಡ್ತಿ ಸಮಿತಿಯ ಮುಂದೆ ಪಾಸಾಗದ ಪರೀಕ್ಷೆಯಂತೆಯೇ.

ಬಡ್ತಿ ಎಂದೆನಲ್ಲ, ಅದರ ತಾಯಿಬೇರು ಜ್ಯೇಷ್ಠತಾ ಪಟ್ಟಿ, ಅಂದರೆ ಯಾರು ಯಾರಿಗಿಂತ ಹಿರಿಯರು ಎಂಬ ಸಾಲು. ಮೊದಲು ತಾತ್ಕಾಲಿಕ ಪಟ್ಟಿ ಹೊರಡಿಸಿ ಆಕ್ಷೇಪಣೆಗೆ ಸಮಯ ಕೊಡುತ್ತಾರೆ, ನಂತರ ಅಂತಿಮ ಪಟ್ಟಿ. ತಾತ್ಕಾಲಿಕ ಪಟ್ಟಿ ಸುತ್ತೋಲೆಯ ಜೊತೆ ಕಚೇರಿಗೆ ಬಂದಾಗ ಹೊಸಬರು ಸಹಿ ಹಾಕಿ ಪಕ್ಕಕ್ಕೆ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನಾಂಕ, ಆಯ್ಕೆ ಪಟ್ಟಿಯ ಕ್ರಮಾಂಕ, ಮೀಸಲಾತಿ ವರ್ಗ ಒಂದೊಂದನ್ನೂ ಬೆರಳಿಟ್ಟು ನೋಡಿ. ತಪ್ಪಿದ್ದರೆ ಕೊಟ್ಟ ಅವಧಿಯೊಳಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂತಿಮ ಪಟ್ಟಿ ಬಂದ ಮೇಲೆ ನೌಕರರ ದಾವೆ ನೋಡುವ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಮೆಟ್ಟಿಲು ಹತ್ತಬೇಕಾಗುತ್ತದೆ, ವಕೀಲರ ಫೀಸು ಕೊಡಬೇಕಾಗುತ್ತದೆ. ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. 2017ರ ಫೆಬ್ರವರಿಯಲ್ಲಿ, ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ ಕುರಿತ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದಾಗ ರಾಜ್ಯದ ಇಲಾಖೆಗಳೆಲ್ಲ ಪಟ್ಟಿಗಳನ್ನು ಮತ್ತೆ ಬರೆಯಬೇಕಾಯಿತು. 2019ರ ಮೇ ತಿಂಗಳಲ್ಲಿ, ಆ ಜ್ಯೇಷ್ಠತೆಯನ್ನು ಉಳಿಸಲು ರಾಜ್ಯ ತಂದ ಹೊಸ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಇನ್ನೊಮ್ಮೆ. ಆ ವರ್ಷಗಳಲ್ಲಿ ಸಿಬ್ಬಂದಿ ಶಾಖೆಯಲ್ಲಿದ್ದವರಿಗೆ ಹಗಲು ರಾತ್ರಿ ಒಂದೇ ಕೆಲಸ. ಯಾರ ದಾಖಲೆ ಸರಿಯಾಗಿತ್ತೋ ಅವರ ಹೆಸರು ತಕರಾರಿಲ್ಲದೆ ತನ್ನ ಜಾಗಕ್ಕೆ ಬಂತು. ಉಳಿದವರು ಕಚೇರಿಯಿಂದ ಕಚೇರಿಗೆ ಅಲೆದರು.

ಜ್ಯೇಷ್ಠತೆಯ ವಿಷಯದಲ್ಲಿ ಚಿಕ್ಕವರು ಅರಿಯದೆ ಕಳೆದುಕೊಳ್ಳುವ ಇನ್ನೊಂದಿದೆ, ಸ್ವಂತ ಕೋರಿಕೆಯ ವರ್ಗಾವಣೆ. ಕೆಲವು ಇಲಾಖೆಗಳಲ್ಲಿ ಎಸ್‌ಡಿಎ ವೃಂದದ ಜ್ಯೇಷ್ಠತೆ ಜಿಲ್ಲಾ ಮಟ್ಟದ್ದು, ಕೆಲವು ಕಡೆ ರಾಜ್ಯ ಮಟ್ಟದ್ದು. ನಿಮ್ಮ ಜ್ಯೇಷ್ಠತಾ ಘಟಕ ಬಿಟ್ಟು ಬೇರೆ ಘಟಕಕ್ಕೆ ನೀವೇ ಕೇಳಿಕೊಂಡು ಹೋದರೆ, ಅಲ್ಲಿ ಆ ದಿನ ಇರುವ ಎಲ್ಲರ ಕೆಳಗೆ ನಿಮ್ಮ ಹೆಸರು ಬರುತ್ತದೆ. ಹಿಂದಿನ ಸೇವೆ ಸಂಬಳಕ್ಕೆ ಲೆಕ್ಕಕ್ಕಿರುತ್ತದೆ, ಬಡ್ತಿಯ ಸಾಲಿನಲ್ಲಿ ಮಾತ್ರ ಕೊನೆಯವರು. ಒಂದೇ ಆಯ್ಕೆ ಪಟ್ಟಿಯಲ್ಲಿ ಹಿಂದೆ ಮುಂದೆ ಇದ್ದ ಇಬ್ಬರು ಗೆಳೆಯರು ನನಗೆ ಗೊತ್ತು. ಒಬ್ಬ ಮೊದಲು ಸೇರಿದ ಜಿಲ್ಲೆಯಲ್ಲೇ ಉಳಿದ, ಈಗ ಶಿರಸ್ತೇದಾರ್. ಇನ್ನೊಬ್ಬ ನಾಲ್ಕನೇ ವರ್ಷಕ್ಕೆ ತನ್ನ ಊರಿನ ಜಿಲ್ಲೆಗೆ ಕೇಳಿಕೊಂಡು ಹೋದ, ಇನ್ನೂ ಎಫ್‌ಡಿಎ. ಅವನ ತಾಯಿಗೆ ಪಾರ್ಶ್ವವಾಯು ಆಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವನು ಹೋಗಿದ್ದು ಸರಿ ಎಂದೇ ಈಗಲೂ ನಾನು ಹೇಳುತ್ತೇನೆ. ಆದರೆ ಹೋಗುವ ಮೊದಲು ಇದರ ಬೆಲೆ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ವಾರದ ಕೊನೆಯಲ್ಲಿ ಊರಿಗೆ ಹೋಗಲು ಬಸ್ಸು ಸರಿಯಿಲ್ಲ ಎಂಬಷ್ಟಕ್ಕೇ ಅರ್ಜಿ ಹಿಡಿದು ಬರುವವರನ್ನು ಮಾತ್ರ ನಾನು ಕೂರಿಸಿಕೊಂಡು ಬಿಡಿಸಿ ಹೇಳುತ್ತೇನೆ.

ಇನ್ನು ಕೆಎಎಸ್ ಮಾತು. ಓದಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಎಸ್‌ಡಿಎ ಆಗಿ ಸೇರಿ ತಹಶೀಲ್ದಾರ್ ಆದವರು, ಮೇಲಿನ ಹುದ್ದೆಗಳಿಗೆ ಆಯ್ಕೆಯಾದವರು ನಮ್ಮ ನಡುವೆ ಇದ್ದಾರೆ, ಅವರನ್ನು ಕಂಡರೆ ಹೆಮ್ಮೆಯಾಗುತ್ತದೆ. ನನ್ನ ಆತಂಕ ಬೇರೆ. ಕೆಎಎಸ್ ಪರೀಕ್ಷೆಯಿಂದ ತುಂಬುವ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. 2020ರ ಜನವರಿಯಲ್ಲಿ 106 ಹುದ್ದೆಗೆ ಬಂತು, ಮುಂದಿನದು 2024ರ ಫೆಬ್ರವರಿಯಲ್ಲಿ, 384 ಹುದ್ದೆಗೆ. ಅದರ ಪೂರ್ವಭಾವಿ ಪರೀಕ್ಷೆ ಆಗಸ್ಟ್‌ನಲ್ಲಿ ನಡೆದು, ಕನ್ನಡ ಪ್ರಶ್ನೆಗಳ ಅನುವಾದ ದೋಷದ ಗಲಾಟೆಯಾಗಿ, ಡಿಸೆಂಬರ್ 29ರಂದು ಮತ್ತೊಮ್ಮೆ ನಡೆಯಿತು. ಇಂಥ ಅನಿಶ್ಚಿತ ದಾರಿಯನ್ನೇ ನೆಚ್ಚಿಕೊಂಡು, ಈಗಿನ ಹುದ್ದೆಯನ್ನು ಬಸ್ ನಿಲ್ದಾಣದ ಬೆಂಚಿನಂತೆ ಕಾಣುವವರಿದ್ದಾರೆ. ಕಡತ ಮುಂದೆ ತೆರೆದಿರುತ್ತದೆ, ಕಣ್ಣು ಮೊಬೈಲ್‌ನ ಪ್ರಚಲಿತ ವಿದ್ಯಮಾನದ ಮೇಲೆ. ಕೆಲಸ ಕಲಿಯಲು ಮನಸ್ಸಿಲ್ಲ, ಏಕೆಂದರೆ ‘ನಾನು ಇಲ್ಲಿರುವವನಲ್ಲ’. ಮೂವತ್ತೈದು ದಾಟಿದ ಮೇಲೆ ಇಲ್ಲೇ ಇರುವವನು ಎಂದು ಖಚಿತವಾದಾಗ, ಕೆಲಸ ಕಲಿತವರು ಬಹಳ ಮುಂದೆ ಹೋಗಿರುತ್ತಾರೆ.

ನಾನು ಕೇಳುವುದು ಒಂದೇ. ಇಷ್ಟು ಅಧಿಸೂಚನೆ, ಅಥವಾ ಇಷ್ಟು ವಯಸ್ಸು ಎಂದು ನೀವೇ ಒಂದು ಮಿತಿ ಹಾಕಿಕೊಂಡು, ಮನೆಯವರಿಗೂ ಹೇಳಿಬಿಡಿ. ಅಲ್ಲಿವರೆಗೆ ಬೆಳಗಿನ ಜಾವ ಎದ್ದು ಓದಿ, ರಜೆ ಹಾಕಿ ಓದಿ. ಆದರೆ ಹತ್ತರಿಂದ ಐದೂವರೆಯವರೆಗೆ ಪೂರ್ತಿ ಕಚೇರಿಯವರಾಗಿರಿ. ಬೇರೆ ಹುದ್ದೆಗೆ ಅರ್ಜಿ ಹಾಕುವಾಗ ನೇಮಕಾತಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆದೇ ಹಾಕಿ. ಅನುಮತಿ ಪಡೆದು, ಸರಿಯಾದ ಮಾರ್ಗದಲ್ಲಿ ಹೋಗಿ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಲೆಕ್ಕಕ್ಕೆ ಬರುತ್ತದೆ, ಸಂಬಳಕ್ಕೂ ರಕ್ಷಣೆ ಇರುತ್ತದೆ. ಗುಟ್ಟಾಗಿ ಬರೆದು, ಆಯ್ಕೆಯಾದ ಮೇಲೆ ಓಡಿ ಬಂದವರಿಗೆ ಆ ಹಳೆಯ ವರ್ಷಗಳನ್ನು ಸೇರಿಸಿಕೊಡಲು ನಮ್ಮಿಂದಲೂ ಆಗುವುದಿಲ್ಲ. ಪಿಯುಸಿ ಮೇಲೆ ಸೇರಿದವರು ಮುಕ್ತ ವಿಶ್ವವಿದ್ಯಾನಿಲಯದಲ್ಲಾದರೂ ಪದವಿ ಮುಗಿಸಿಕೊಳ್ಳಿ. ಎಫ್‌ಡಿಎ ನೇರ ನೇಮಕಾತಿಗೂ ಕೆಎಎಸ್‌ಗೂ ಪದವಿ ಬೇಕೇ ಬೇಕು. ಪದವಿಗೆ ಸೇರುವುದಕ್ಕೂ ಮೊದಲೇ ಅನುಮತಿ ಕೇಳಿ.

ಹಾಗಾದರೆ ಇರುವ ಕೆಲಸದಲ್ಲಿ ಕಲಿಯುವುದೇನು ಎಂದು ಕೇಳುತ್ತಾರೆ. ಟಿಪ್ಪಣಿ ಬರೆಯುವುದನ್ನು ಕಲಿಯಿರಿ ಎನ್ನುತ್ತೇನೆ. ಅದು ಗುಮಾಸ್ತಿಕೆ ಎಂದು ಮೂಗು ಮುರಿಯಬೇಡಿ. ಕಳೆದ ವರ್ಷದ ಒಂದು ಕಡತ ಹೇಳುತ್ತೇನೆ.

ನಮ್ಮ ಗ್ರೂಪ್ ಡಿ ನೌಕರರೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರು. 2006ಕ್ಕಿಂತ ಎಷ್ಟೋ ಮುಂಚೆ ಸೇರಿದವರು, ಹಾಗಾಗಿ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕು. ಕಡತ ಮಹಾಲೇಖಪಾಲರ ಕಚೇರಿಗೆ ಹೋಗಿ ವಾಪಸ್ ಬಂತು. ಅವರು ಕೇಳಿದ್ದು ನ್ಯಾಯವಾದದ್ದೇ. ಸೇವಾ ಪುಸ್ತಕದಲ್ಲಿ ಕೆಲವು ವರ್ಷಗಳ ಸೇವಾ ಪರಿಶೀಲನೆಯ ನಮೂದೇ ಇರಲಿಲ್ಲ. ಹೆಂಡತಿಯ ಹೆಸರು ನಾಮನಿರ್ದೇಶನದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಈ ವಿಷಯ ನೋಡುತ್ತಿದ್ದ ವಿಷಯ ನಿರ್ವಾಹಕರು ಬರೆದ ಟಿಪ್ಪಣಿ ಒಂದೇ ಸಾಲು: ‘ಆಕ್ಷೇಪಣೆ ಸ್ವೀಕೃತವಾಗಿದೆ, ಮುಂದಿನ ಆದೇಶಕ್ಕಾಗಿ ಮಂಡಿಸಿದೆ.’ ಇಂಥ ಟಿಪ್ಪಣಿಗೆ ಮೇಲಿನವರು ಏನೆಂದು ಆದೇಶ ಮಾಡಬೇಕು? ‘ಚರ್ಚಿಸಿ’ ಎಂದು ಬರೆಯುತ್ತಾರೆ. ಕಡತ ಕೆಳಗಿಳಿಯುತ್ತದೆ. ಆ ಹೆಣ್ಣುಮಗಳು ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬಂದು, ನಮ್ಮ ಶಾಖೆಯ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು.

ಆ ವಿಷಯವನ್ನು ನಾನು ಹೊಸ ಎಸ್‌ಡಿಎ ಹುಡುಗನಿಗೆ ಹಂಚಿದೆ. ಅವನು ಮಾಡಿದ್ದನ್ನು ನೋಡಿ. ಮೊದಲು ಸೇವಾ ಪುಸ್ತಕದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ನಮೂದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡ. ಆ ಅವಧಿಯಲ್ಲಿ ಅವರು ಕೆಲಸ ಮಾಡಿದ್ದ ತಾಲ್ಲೂಕು ಕಚೇರಿಗೆ ಪತ್ರ ಕಳಿಸಿ ಕಾಯುತ್ತಾ ಕೂರಲಿಲ್ಲ. ಅನುಮತಿ ಕೇಳಿ ತಾನೇ ಹೋಗಿ, ಅಭಿಲೇಖಾಲಯದಲ್ಲಿ ಧೂಳು ಹಿಡಿದಿದ್ದ ಸಂಬಳದ ಬಿಲ್ಲುಗಳ ಕಟ್ಟು ಬಿಚ್ಚಿ, ತಿಂಗಳವಾರು ಹೆಸರು ಹುಡುಕಿ, ದೃಢೀಕೃತ ನಕಲು ತಂದ. ಹೆಸರಿನ ವ್ಯತ್ಯಾಸಕ್ಕೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಮಾಡಿಸಿದ. ಆಮೇಲೆ ಟಿಪ್ಪಣಿ. ಮೊದಲ ಕಂಡಿಕೆಯಲ್ಲಿ ಯಾರು, ಯಾವಾಗ ಸೇರಿದರು, ಯಾವಾಗ ತೀರಿಕೊಂಡರು. ಎರಡನೆಯದರಲ್ಲಿ ಬಂದ ಆಕ್ಷೇಪಣೆ ಏನು. ಮೂರನೆಯದರಲ್ಲಿ ಪ್ರತಿ ಆಕ್ಷೇಪಣೆಗೆ ಈಗ ಸಿಕ್ಕಿರುವ ದಾಖಲೆ, ಕಡತದ ಪುಟ ಸಂಖ್ಯೆಯ ಸಮೇತ. ನಾಲ್ಕನೆಯದರಲ್ಲಿ ಅನ್ವಯವಾಗುವ ನಿಯಮ. ಕೊನೆಗೆ ‘ಮೇಲ್ಕಂಡಂತೆ ಸೇವೆಯನ್ನು ಪರಿಶೀಲಿಸಿ ಸೇವಾ ಪುಸ್ತಕದಲ್ಲಿ ದೃಢೀಕರಿಸಲು ಹಾಗೂ ಪ್ರಸ್ತಾವನೆಯನ್ನು ಮರುಸಲ್ಲಿಸಲು ಅನುಮೋದನೆ ಕೋರಿ, ಕರಡು ಪತ್ರದೊಂದಿಗೆ ಮಂಡಿಸಿದೆ’. ಸಾಹೇಬರು ಓದಿ, ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರು. ಪಿಂಚಣಿ ಮಂಜೂರಾಗಿ ಬಂತು.

ಇದರಿಂದ ಅವನಿಗೆ ಬಡ್ತಿ ಬಂತೇ? ಬರಲಿಲ್ಲ, ಬರುವುದೂ ಇಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ಅವನ ಕ್ರಮಾಂಕ ಇದ್ದಲ್ಲೇ ಇದೆ. ಆದರೆ ಈಗ ಕಚೇರಿಗೆ ಬರುವ ಯಾವುದೇ ತೊಡಕಿನ ಕಡತಕ್ಕೆ ಸಾಹೇಬರ ಬಾಯಲ್ಲಿ ಮೊದಲು ಬರುವುದು ಅವನ ಹೆಸರು. ಒಳ್ಳೆಯ ಶಾಖೆ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ತರಬೇತಿಗೆ ನಿಯೋಜನೆ, ಮೇಲಿನ ಕಚೇರಿಗೆ ಎರವಲು ಸೇವೆ, ಇವೆಲ್ಲ ಕೆಲಸ ಬಲ್ಲವರನ್ನೇ ಹುಡುಕಿಕೊಂಡು ಬರುತ್ತವೆ. ರಾಜ್ಯದಲ್ಲಿ ಲಕ್ಷಾಂತರ ಹುದ್ದೆ ಖಾಲಿ ಇರುವಾಗ ಕೆಸಿಎಸ್‌ಆರ್ ನಿಯಮ 32ರಡಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ, 68ರಡಿ ಹೆಚ್ಚುವರಿ ಪ್ರಭಾರ ಪ್ರತಿ ಕಚೇರಿಯಲ್ಲೂ ನಡೆದೇ ಇದೆ. ಈ ಖಾಲಿ ಹುದ್ದೆಗಳಿಂದ ನಮ್ಮೆಲ್ಲರ ಬೆನ್ನು ಮುರಿಯುತ್ತಿದೆ, ಅವು ತುಂಬಲೇಬೇಕು. ಆದರೂ ನಿಮ್ಮ ವಯಸ್ಸಿನಲ್ಲಿ ಲೆಕ್ಕ ಶಾಖೆಯನ್ನೂ ಸಿಬ್ಬಂದಿ ಶಾಖೆಯನ್ನೂ ಒಟ್ಟಿಗೆ ನೋಡಿಕೊಂಡ ಒಂದು ವರ್ಷ ಮುಂದೆ ಅಧೀಕ್ಷಕರಾದಾಗ ಕೈ ಹಿಡಿಯುತ್ತದೆ. ಶಾಖೆ ಆಯ್ದುಕೊಳ್ಳುವ ಅವಕಾಶ ಸಿಕ್ಕಿದರೆ ಲೆಕ್ಕ ಶಾಖೆ ಕೇಳಿ. ಖಜಾನೆ, ಬಿಲ್ಲು, ಆಡಿಟ್ ಆಕ್ಷೇಪಣೆ ಗೊತ್ತಿರುವವರನ್ನು ಯಾವ ಇಲಾಖೆಯೂ ಬಿಟ್ಟುಕೊಡುವುದಿಲ್ಲ.

ಕೊನೆಯದಾಗಿ ಒಂದು ವಿಷಯ, ಇದನ್ನು ಹೇಳುವಾಗ ನನಗೆ ಭಯವೇ ಆಗುತ್ತದೆ. ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ಒಂದು ಇಲಾಖಾ ವಿಚಾರಣೆ ಬಾಕಿ ಇದ್ದರೆ ಬಡ್ತಿ ಸಮಿತಿ ನಿಮ್ಮ ಹೆಸರನ್ನು ಮುಚ್ಚಿದ ಲಕೋಟೆಯಲ್ಲಿ ಇಡುತ್ತದೆ, ವಿಚಾರಣೆ ಮುಗಿಯುವವರೆಗೆ ತೆರೆಯುವುದಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ, ಕೆಳಗಿನವರು ಮೇಲೆ ಹೋಗುತ್ತಾರೆ. ಲಂಚ ಮುಟ್ಟಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಕೈ ಶುದ್ಧವಿದ್ದ ಹುಡುಗರೂ ಸಿಕ್ಕಿಬೀಳುವುದನ್ನು ಕಂಡಿದ್ದೇನೆ. ‘ಅರ್ಜೆಂಟ್ ಇದೆ, ಬಿಲ್ ಹಾಕು, ಪೇಪರ್ ಆಮೇಲೆ ಬರುತ್ತೆ’ ಎಂದು ಮೇಲಿನವರು ಹೇಳುತ್ತಾರೆ, ಹೊಸಬ ಹಾಕುತ್ತಾನೆ. ಎರಡು ವರ್ಷದ ಮೇಲೆ ಆಡಿಟ್ ಬಂದಾಗ ಹೇಳಿದವರು ವರ್ಗವಾಗಿ ಹೋಗಿರುತ್ತಾರೆ, ಟಿಪ್ಪಣಿಯಲ್ಲಿ ಇರುವುದು ಇವನ ಸಹಿ ಒಂದೇ. ಮೇಲಧಿಕಾರಿಯ ಎದುರು ಇಲ್ಲ ಎನ್ನಲು ಆ ವಯಸ್ಸಿನಲ್ಲಿ ಧೈರ್ಯ ಸಾಲದು, ಅದು ನನಗೆ ಅರ್ಥವಾಗುತ್ತದೆ. ಜಗಳವಾಡಬೇಕಾಗಿಲ್ಲ. ‘ಆಗಲಿ ಸರ್’ ಎಂದು ಬಂದು, ಇ-ಆಫೀಸ್‌ನಲ್ಲಿ ಕಡತ ತೆರೆದು, ಇರುವ ದಾಖಲೆ ಯಾವುದು, ಇಲ್ಲದ್ದು ಯಾವುದು ಎಂದು ಬರೆದು, ಕೆಳಗೆ ‘ಮಾನ್ಯರ ಮೌಖಿಕ ಸೂಚನೆಯಂತೆ ಆದೇಶಕ್ಕಾಗಿ ಮಂಡಿಸಿದೆ’ ಎಂದು ಸೇರಿಸಿ ಮೇಲಕ್ಕೆ ಕಳಿಸಿ. ಸರಿಯಿದ್ದ ಕೆಲಸವಾದರೆ ಅನುಮೋದನೆಯಾಗಿ ಬರುತ್ತದೆ. ಸರಿಯಿಲ್ಲದ್ದಾದರೆ ಬಹುತೇಕ ಸಲ ಆ ಕಡತ ಮತ್ತೆ ನಿಮ್ಮ ಬಳಿಗೆ ಬರುವುದೇ ಇಲ್ಲ. ಸಾಹೇಬರು ಎರಡು ದಿನ ಮುಖ ಗಂಟಿಕ್ಕಿಕೊಂಡಿರುತ್ತಾರೆ, ಅಷ್ಟೆ.